ಒಂಬತ್ತೂವರೆಯ ನಂತರ

ಗ್ಲೆಂಡಾ ಪರ್ಕಿಸ್ ಜೀವಮಾನದಲ್ಲಿ ಒಂದೇ ಒಂದು ಸಲ ನಿಯಮ ಮುರಿದವಳು, ಅದೂ ಗೊತ್ತಿಲ್ಲದೆ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡಿ. ಆ ಸೋಮವಾರ ನೆನಪಾದರೆ ನನಗೆ ಈಗಲೂ ಅವಳ ಮೇಲೆ ಸಿಟ್ಟು ಬರುತ್ತದೆ, ನನ್ನ ಮೇಲೆ ಇನ್ನೂ ಹೆಚ್ಚು.

ಆಡಲ್‌ವಿಕ್‌ನ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ನಾವಿಬ್ಬರೂ ಅಕ್ಕಪಕ್ಕ ನಿಂತವರು. ಅವಳು ಆಲೂಗಡ್ಡೆ ಹಿಸುಕುತ್ತಿದ್ದಳು, ನಾನು ಕಸ್ಟರ್ಡ್ ಬಡಿಸುತ್ತಿದ್ದೆ. ಮನೆಯೂ ಒಂದೇ ಬೀದಿಯಲ್ಲಿ. ಹದಿನೇಳಕ್ಕೆ ತಾಯಿಯನ್ನು ಕಳೆದುಕೊಂಡು, ಎಂಟು ವರ್ಷದ ತಮ್ಮ ಡೆನ್ಜಿಲ್‌ನನ್ನು ತಾನೇ ಸಾಕಿ ದೊಡ್ಡವನನ್ನಾಗಿ ಮಾಡಿದಳು. ಮದುವೆಯ ಮಾತು ಬಂದಾಗಲೆಲ್ಲ "ಒಬ್ಬನ್ನ ಸಾಕಿದ್ದು ಸಾಲ್ದಾ?" ಎಂದು ನಗುತ್ತಿದ್ದಳು.

ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಲಂಡನ್ನಿಗೆ ಹೋಗಿ ಬರುವಾಗ ಒಂದು ಎಡವಟ್ಟಾಯಿತು. ಕೈಯಲ್ಲಿದ್ದದ್ದು ಆಫ್-ಪೀಕ್ ಟಿಕೆಟ್, ಅಂದರೆ ಆಫೀಸಿನವರ ನೂಕುನುಗ್ಗಲು ಇಲ್ಲದ ಹೊತ್ತಿಗೆ ಮಾತ್ರ ನಡೆಯುವ ಅಗ್ಗದ ಟಿಕೆಟ್. ಹತ್ತಿದ್ದು ಸಂಜೆ ಐದೂವರೆಯ ಗಾಡಿ. ಟಿಕೆಟ್ ನೋಡುವವನು ಇಡೀ ಬೋಗಿಗೆ ಕೇಳುವಂತೆ ಅವಳ ಹೆಸರು, ವಿಳಾಸ ಕೇಳಿ ದಂಡ ಬರೆದ. ಚರ್ಚಿನ ಪರಿಚಯದವರೇ ಎದುರಿಗೆ ಕೂತಿದ್ದರು. ಎಲ್ಲರೂ ಪತ್ರಿಕೆಯೊಳಗೆ ಮುಖ ಹುದುಗಿಸಿದರು. ಬೈದಿದ್ದರೆ ಮರೆತುಬಿಡುತ್ತಿದ್ದಳೋ ಏನೋ.

ಅಂದಿನಿಂದ ಅವಳ ಫ್ರಿಜ್ಜಿನ ಮೇಲೆ ಒಂದು ಪಟ್ಟಿ. ಹೋಗುವ ಗಾಡಿ, ಬರುವ ಗಾಡಿ, ನಡೆಯುವುದಕ್ಕೆ ಹಸಿರು ಶಾಯಿ, ನಡೆಯದ್ದಕ್ಕೆ ಕೆಂಪು. ಟಿಕೆಟ್ಟಿನ ಮೇಲೆ ಹೊತ್ತು ಬರೆದಿರುವುದೇ ಇಲ್ಲ, 'ನಿರ್ಬಂಧಗಳನ್ನು ನೋಡಿಕೊಳ್ಳಿ' ಎಂದಷ್ಟೇ ಇರುತ್ತದೆ. ಎಲ್ಲಿ ನೋಡಿಕೊಳ್ಳುವುದೋ ದೇವರಿಗೇ ಗೊತ್ತು. ಹಾಗಾಗಿ ನಮ್ಮ ಬೀದಿಯವರೆಲ್ಲ ಕೇಳುತ್ತಿದ್ದದ್ದು ಗ್ಲೆಂಡಾಳನ್ನೇ. "ಬೆಳಿಗ್ಗೆ ಒಂಬತ್ತೂವರೆ ಆಗೋವರೆಗೂ ಹತ್ಬೇಡಿ" ಎನ್ನುತ್ತಿದ್ದಳು, ವೈದ್ಯರು ಪಥ್ಯ ಹೇಳುವ ಹಾಗೆ.

ಡೆನ್ಜಿಲ್ ಲಂಡನ್ನಿನ ಆಸ್ಪತ್ರೆ ಸೇರಿದ ಮೇಲೆ ಐದು ಸೋಮವಾರ ಒಂಬತ್ತು ನಲವತ್ತರ ಗಾಡಿಗೆ ಹೋಗಿಬಂದಳು. ವೈದ್ಯರು ಕೈಚೆಲ್ಲಿದ್ದರು. ಐದನೆಯ ಸೋಮವಾರ ಅವನು ಅವಳ ಕೈ ಹಿಡಿದು ಕೇಳಿದನಂತೆ, "ಒಬ್ನೇ ಹೋಗಕ್ಕೆ ಭಯ ಆಗತ್ತೆ ಗ್ಲೆನ್. ಆ ಹೊತ್ನಲ್ಲಿ ನೀನಿರ್ತೀಯಲ್ವಾ?"

"ಇರ್ತೀನಿ ಕಣೋ. ಇನ್ನೆಲ್ಲಿಗೆ ಹೋಗ್ತೀನಿ?"

ಆರನೆಯ ಸೋಮವಾರ, ಆಗಸ್ಟಿನ ಕೊನೆಯದು, ಬೆಳಿಗ್ಗೆ ಆರೂವರೆಗೆ ಆಸ್ಪತ್ರೆಯಿಂದ ಫೋನ್ ಬಂತು. ಆದಷ್ಟು ಬೇಗ ಬನ್ನಿ ಎಂದರು. ನನ್ನ ಕಾರು ಲಂಡನ್ನಿನವರೆಗೆ ಓಡುವ ಸ್ಥಿತಿಯಲ್ಲಿರಲಿಲ್ಲ. ಏಳು ಗಂಟೆಗೆ ಅವಳನ್ನು ಸ್ಟೇಷನ್ನಿಗೆ ಕರೆತಂದು, ಜೊತೆಗೆ ಹೊರಟೆ. ಅವಳ ಟಿಕೆಟ್ ಶನಿವಾರವೇ ತೆಗೆದಿಟ್ಟದ್ದು. ಅದೇ ಆಫ್-ಪೀಕ್.

"ಏಳು ನಲವತ್ತಕ್ಕೆ ಗಾಡಿ ಇದೆ, ಹತ್ತೋಣ. ಬೇರೆ ಟಿಕೆಟ್ ತಗೊಂಡ್ರಾಯ್ತು" ಎಂದೆ.

ಕೌಂಟರು ಮುಚ್ಚಿತ್ತು. ಯಂತ್ರದ ಮುಂದೆ ನಿಂತು ಲಂಡನ್ ಒತ್ತಿದೆ. ಮೊದಲಿಗೇ ಆಫ್-ಪೀಕ್ ಟಿಕೆಟ್ ತೋರಿಸಿತು. ಬೆಳಗಿನ ಏಳೂಕಾಲಿಗೆ! ವಾಪಸ್ ಹೋಗಿ ಮತ್ತೆ ಒತ್ತಿದೆ, ಮತ್ತೆ ಅದೇ. ಪೂರ್ತಿ ದರದ ಟಿಕೆಟ್ ಎಲ್ಲೂ ಕಾಣಲಿಲ್ಲ.

"ಈ ದರಿದ್ರ ಯಂತ್ರಕ್ಕೆ ತಲೆ ಕೆಟ್ಟಿದೆ ಗ್ಲೆಂಡಾ. ಈ ಹೊತ್ತಲ್ಲಿ ಅಗ್ಗದ ಟಿಕೆಟ್ ಕೊಡ್ತಾ ಇದೆ."

"ಕೊಡತ್ತೆ, ಆಮೇಲೆ ಗಾಡೀಲಿ ದಂಡ ಹಾಕ್ತಾರೆ. ಮುಟ್ಬೇಡ."

ನಾನೂ ತಲೆಯಾಡಿಸಿದೆ. ಮೂವತ್ತು ವರ್ಷ ಈ ಊರಿನ ನೀರು ಕುಡಿದು ನಾನೂ ಅವಳಂತೆಯೇ ಆಗಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ಕೋಟು ಟೈ ತೊಟ್ಟವರು ಒಬ್ಬರೂ ಇರಲಿಲ್ಲ, ಮರಳಾಟದ ಬಕೆಟ್ಟು ಹಿಡಿದ ಮಕ್ಕಳು, ಬುತ್ತಿ ಕಟ್ಟಿಕೊಂಡ ಅಪ್ಪ ಅಮ್ಮಂದಿರು. ಕಣ್ಣಿಗೆ ಕಂಡದ್ದು ತಲೆಗೆ ಹೋಗಲಿಲ್ಲ. ಅವರಲ್ಲಿ ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು. ಗುರುತಿಲ್ಲದವರನ್ನು ಮಾತಾಡಿಸುವುದು ಗ್ಲೆಂಡಾಗೆ ಪ್ರಾಣಸಂಕಟ.

ಏಳು ನಲವತ್ತರ ಗಾಡಿ ಬಂತು, ಹೋಯಿತು.

ಅವಳು ಬೆಂಚಿನ ಮೇಲೆ ಚೀಲ ತಬ್ಬಿಕೊಂಡು ಕೂತಳು. ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯತೊಡಗಿತು. ಎಂಟು ನಲವತ್ತರದ್ದು ಬಂದು ಬಾಗಿಲು ತೆರೆದಾಗ ಅವಳ ತೋಳು ಹಿಡಿದು ಎಳೆದೆ.

"ಹತ್ತೇ ಮಾರಾಯ್ತಿ! ದಂಡ ತಾನೆ, ನಾನು ಕೊಡ್ತೀನಿ. ಜೈಲಿಗೇನೂ ಹಾಕಲ್ವಲ್ಲ!"

ಅವಳು ಒಂದು ಕಾಲು ಒಳಗಿಟ್ಟಳು. ಒಳಗೆ ಕೂತಿದ್ದವರು ತಲೆಯೆತ್ತಿ ನೋಡಿದರು. ಅಷ್ಟೇ, ಮುಖ ಸುಣ್ಣದಂತೆ ಬಿಳಿಚಿಕೊಂಡಿತು. "ನನ್ ಕೈಲಾಗಲ್ಲ. ಎಲ್ರೆದುರಿಗೆ ಮತ್ತೆ ಹೆಸ್ರು ಹೇಳಕ್ಕೆ ನನ್ ಕೈಲಾಗಲ್ಲ ಕಣೇ. ಇನ್ನೊಂದು ಗಂಟೆ ತಾನೆ. ಅವ್ನು ಕಾಯ್ತಾನೆ. ಚಿಕ್ಕಂದಿನಿಂದ ಕಾದು ಅಭ್ಯಾಸ ಅವನಿಗೆ."

ಕಾಲು ಹಿಂದಕ್ಕೆ ತೆಗೆದಳು. ಬಾಗಿಲು ಮುಚ್ಚಿತು. ಅವಳನ್ನು ಒಳಕ್ಕೆ ನೂಕಬೇಕಿತ್ತು ನಾನು. ನೂಕಲಿಲ್ಲ.

ಒಂಬತ್ತೂವರೆ ದಾಟಿದ ಮೇಲೆ ನಾನೂ ಯಂತ್ರದಿಂದ ಅದೇ ಟಿಕೆಟ್ ತೆಗೆದುಕೊಂಡೆ. ಒಂಬತ್ತು ನಲವತ್ತಕ್ಕೆ ಗಾಡಿ ಹತ್ತಿದೆವು. ಆಸ್ಪತ್ರೆಗೆ ಫೋನ್ ಮಾಡಿದೆ, ಉಸಿರು ಇದೆ ಎಂದರು. ಗ್ಲೆಂಡಾ ಕಣ್ಣು ಮುಚ್ಚಿ ಏನೋ ಗುಣುಗುಣಿಸುತ್ತಿದ್ದಳು. ಅರ್ಧ ದಾರಿಯಲ್ಲಿ ಟಿಕೆಟ್ ನೋಡುವವನು ಬಂದ. ಹಸನ್ಮುಖಿ, ಮೊಮ್ಮಕ್ಕಳಿರುವ ವಯಸ್ಸು. ಅವಳು ಟಿಕೆಟ್ ಚಾಚಿ, ಕೇಳದಿದ್ದರೂ ಹೇಳಿದಳು, "ಒಂಬತ್ತೂವರೆ ಆದ್ಮೇಲೇ ಹತ್ತಿದ್ದು ಸರ್. ಅಲ್ಲೀವರ್ಗೂ ಕಾದ್ವಿ."

"ಯಾಕ್ ಮೇಡಂ ಕಾದ್ರಿ?" ಎಂದು ಅವನು ನಕ್ಕ. "ಇವತ್ತು ಬ್ಯಾಂಕ್ ಹಾಲಿಡೇ, ದೇಶಕ್ಕೆಲ್ಲ ರಜಾ ಅಲ್ವಾ? ರಜಾ ದಿನ ಪೂರ್ತಿ ಆಫ್-ಪೀಕೇ. ಮೊದಲ್ನೇ ಗಾಡಿಗೂ ನಡೀತಿತ್ತು ಇದು."

ಒಳ್ಳೆಯದನ್ನೇ ಹೇಳಿದೆ ಎಂಬ ಸಂತೋಷದಲ್ಲಿ ಅವನು ಮುಂದಿನ ಸೀಟಿಗೆ ಹೋದ.

ಗ್ಲೆಂಡಾ ಟಿಕೆಟ್ಟನ್ನೇ ನೋಡುತ್ತ ಕೂತಳು. ಅಳಲಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ, ಅದು ತಣ್ಣಗಿತ್ತು. ಯಂತ್ರ ಹೇಳಿತ್ತು. ಬಕೆಟ್ಟು ಹಿಡಿದ ಮಕ್ಕಳು ಹೇಳಿದ್ದರು. ಗೋಡೆಯ ಕ್ಯಾಲೆಂಡರ್ ವಾರದಿಂದ ಹೇಳುತ್ತಿತ್ತು. ಶಾಲೆಗೆ ಬೇಸಿಗೆ ರಜೆ ಇದ್ದ ನಮಗೆ ಎಲ್ಲ ದಿನಗಳೂ ಒಂದೇ ಆಗಿದ್ದವು, ಅವಳಿಗಂತೂ ಸೋಮವಾರವೆಂದರೆ ಡೆನ್ಜಿಲ್, ಅಷ್ಟೇ. ಗಾಡಿ ಒಂದೊಂದು ಸ್ಟೇಷನ್ನಿನಲ್ಲೂ ನಿಂತು ನಿಂತು ಹೋಗುತ್ತಿತ್ತು. ಪ್ರತಿ ಸಲ ನಿಂತಾಗಲೂ ಅವಳು ಎದ್ದು ನಿಲ್ಲುತ್ತಿದ್ದಳು, ನಾನು ಕೂರಿಸುತ್ತಿದ್ದೆ.

ಹನ್ನೊಂದು ಐದಕ್ಕೆ ಲಂಡನ್. ಅಲ್ಲಿಂದ ಟ್ಯಾಕ್ಸಿ. ಅರವತ್ತೆಂಟರ ಹೆಂಗಸು ಆಸ್ಪತ್ರೆಯ ಮೆಟ್ಟಿಲುಗಳನ್ನು ಓಡುತ್ತ ಹತ್ತಿದಳು. ವಾರ್ಡಿನ ಬಾಗಿಲಲ್ಲಿ ನರ್ಸ್ ಎದುರು ಬಂದಳು, ಚಿಕ್ಕ ವಯಸ್ಸಿನವಳು. ಅವಳ ಮುಖ ನೋಡಿಯೇ ನಮಗೆ ತಿಳಿಯಿತು.

"ಕಾಲು ಗಂಟೆ ಆಯ್ತು" ಎಂದಳು. "ಕೊನೇವರ್ಗೂ ಎಚ್ಚರ ಇತ್ತು. ನೀವು ಬಂದ್ರಾ ಅಂತ ಎರಡು ಸಲ ಕೇಳಿದ್ರು. ದಾರೀಲಿದಾರೆ ಅಂತ ಹೇಳ್ದೆ." ಆಮೇಲೆ, ಸಮಾಧಾನಕ್ಕೆಂದು, ಗ್ಲೆಂಡಾಳ ಭುಜದ ಮೇಲೆ ಕೈಯಿಟ್ಟಳು. "ನೀವೇನ್ ಮಾಡಕ್ಕಾಗತ್ತೆ ಪಾಪ. ರಜಾ ದಿನ, ಗಾಡಿಗಳು ಲೇಟು."

ಹೌದು ಅಂದುಬಿಡೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಇಲ್ಲಮ್ಮ" ಎಂದಳು ಗ್ಲೆಂಡಾ. "ಗಾಡಿ ಸರಿಯಾದ ಹೊತ್ತಿಗೇ ಬಂತು. ಎರಡು ಸಲ ಬಂತು. ಬಾಗ್ಲೂ ತೆರೀತು. ನಾನೇ ಹತ್ತಲಿಲ್ಲ."