ಅಂಟಕ್ಕ ಬೇರೆ ಮಾಡಿದ ಕಲ್ಲುಹೂ

ಸಸ್ಯಸಂಗ್ರಹಾಲಯದಲ್ಲಿ ಎಲ್ಲರೂ ಅವಳನ್ನು ಅಂಟಕ್ಕ ಎಂದೇ ಕರೆಯುತ್ತಿದ್ದರು. ಒಣಗಿಸಿದ ಎಲೆ, ಹೂವುಗಳನ್ನು ದಪ್ಪ ಹಾಳೆಗೆ ಅಂಟಿಸುವುದು, ಕಲ್ಲುಹೂಗಳನ್ನು ಕಾಗದದ ಲಕೋಟೆಗಳಲ್ಲಿ ಜೋಪಾನವಾಗಿ ಇಡುವುದು ಅವಳ ಕೆಲಸ. ಅದಕ್ಕೆ ಮೊದಲು ಹನ್ನೆರಡು ವರ್ಷ ಗಂಡನ ಟೈಲರ್ ಅಂಗಡಿಯಲ್ಲಿ ಅಂಚು ಹೊಲಿದವಳು. ಯಾರು ಎದುರಾದರೂ ಅವಳ ಕಣ್ಣು ಮೊದಲು ಹೋಗುತ್ತಿದ್ದದ್ದು ಬಟ್ಟೆಯ ಅಂಚಿಗೆ.

ಆ ವರ್ಷ ಹಳೆಯ ಲಕೋಟೆಗಳನ್ನು ಬದಲಿಸುವ ಕೆಲಸ ಬಂತು. ಕಲ್ಲುಹೂ ಎಂದರೆ ಶಿಲೀಂಧ್ರವೂ ಪಾಚಿಯೂ ಒಟ್ಟಿಗೆ ಸಂಸಾರ ಹೂಡಿದ ಜೀವಿ. ಮರದ ತೊಗಟೆಯ ಮೇಲೆ ಬೂದುಬಣ್ಣದ ಎಲೆಗಳಂತೆ ಹರಡಿರುತ್ತದೆ. ಒಂದೇ ಹೆಸರಿನ ಅರವತ್ತು ಲಕೋಟೆ ಬಿಚ್ಚುವಷ್ಟರಲ್ಲಿ ಅವಳಿಗೆ ಏನೋ ಸರಿಕಾಣಲಿಲ್ಲ. ಕೆಲವುಗಳ ಅಂಚು ನುಣುಪು. ಕೆಲವುಗಳ ಅಂಚಿಗೆ ರೆಪ್ಪೆಯಂಥ ಕಪ್ಪು ಕೂದಲು.

ಆ ಹೆಸರನ್ನು ಮೂವತ್ತು ವರ್ಷದ ಹಿಂದೆ ಬರೆದಿಟ್ಟವರು ಸಂಗ್ರಹಾಲಯದ ಮುಖ್ಯಸ್ಥರೇ, ಎಲ್ಲರ ಬಾಯಲ್ಲಿ ಡಾಕ್ಟ್ರು.

"ಸಾರ್, ಇವೆರಡೂ ಬೇರೆ ಬೇರೆ ಅನ್ಸುತ್ತೆ," ಎಂದಳು.

"ವಯಸ್ಸಾದ್ರೆ ಕೂದಲು ಉದುರುತ್ತಮ್ಮ," ಎಂದು ಡಾಕ್ಟ್ರು ಬೋಳುತಲೆ ಸವರಿಕೊಂಡರು. "ನನ್ನೇ ನೋಡು."

"ಉದುರಿದ್ರೆ ಹೊಲಿಗೆ ಬಿಚ್ಚಿದ ಹಾಗೆ ಗುರುತು ಉಳೀಬೇಕಲ್ವಾ ಸಾರ್? ಲೆನ್ಸ್ ಹಿಡಿದು ನೋಡ್ದೆ. ಒಂದು ಚುಕ್ಕೇನೂ ಇಲ್ಲ."

ಡಾಕ್ಟ್ರು ಹುಬ್ಬು ಗಂಟಿಕ್ಕಿದರು. ಎದ್ದು ಒಳಗೆ ಹೋದರು. ಕೆಲಸಕ್ಕೆ ಕುತ್ತು ಬಂತೇನೋ ಎಂದು ಅವಳು ಲಕೋಟೆಗಳನ್ನು ಮಡಚತೊಡಗಿದಳು. ಆದರೆ ಅವರು ಬ್ಲೀಚಿನ ಪುಟ್ಟ ಸೀಸೆ ಹಿಡಿದು ವಾಪಸು ಬಂದರು. ನುಣುಪು ಅಂಚಿನದರ ಮೇಲ್ಪದರ ಕೆರೆದು, ಒಳಗಿನ ಬಿಳಿಯ ಮೇಲೆ ಒಂದು ಹನಿ ಬಿಟ್ಟರು. ಥಟ್ಟನೆ ಕೆಂಪಾಯಿತು. ಕೂದಲಿನದಕ್ಕೂ ಬಿಟ್ಟರು. ಇಬ್ಬರೂ ಬಗ್ಗಿ ನೋಡಿದರು. ಬಿಳಿ ಬಿಳಿಯಾಗಿಯೇ ಉಳಿಯಿತು.

"ಒಳಗಿನ ಆಮ್ಲಾನೇ ಬೇರೆ. ಪ್ರಭೇದಾನೇ ಬೇರೆ ಕಣಮ್ಮ!" ಡಾಕ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೂವತ್ತು ವರ್ಷ ಎಲ್ಲರಿಗೂ ಟೋಪಿ ಹಾಕಿದ್ದೀನಲ್ಲ ನಾನು!"

ಒಂದು ವಾರ ಕೂತು ಹತ್ತೊಂಬತ್ತು ಲಕೋಟೆಗಳನ್ನು ಬೇರೆ ಕಪಾಟಿಗೆ ಸಾಗಿಸಿದರು. ಹೊಸ ಚೀಟಿಗಳಲ್ಲಿ 'ಗುರುತಿಸಿದವರು' ಎಂಬಲ್ಲಿ ಅವಳೇ ಸಹಿ ಹಾಕಬೇಕೆಂದು ಡಾಕ್ಟ್ರು ಪಟ್ಟು ಹಿಡಿದರು. ಮೊದಲ ಸಹಿ ನಡುಗಿತು; ಹತ್ತೊಂಬತ್ತನೆಯದು ಮಂತ್ರಿಗಳ ಸಹಿಯ ಹಾಗೆ ಉದ್ದ ಬಾಲ ಬೆಳೆಸಿಕೊಂಡಿತ್ತು.

ಈಗ ಅವಳ ಜೊತೆ ಪೇಟೆಗೆ ಹೊರಡಲು ಗಂಡನಿಗೆ ಭಯ. ಬಸ್ ನಿಲ್ದಾಣದ ಮರ ಕಂಡರೆ ಸಾಕು, ತೊಗಟೆಗೆ ಮೂಗು ತಾಗಿಸಿ ನಿಂತುಬಿಡುತ್ತಾಳೆ.

"ಲೇ, ಬಸ್ ಬಂತು ಕಣೇ!"

"ಮುಂದಿನದಕ್ಕೆ ಹೋಗೋಣ ಇರಿ. ಈ ಹಳದೀದು ನಮ್ಮ ಕಪಾಟಲ್ಲೇ ಇಲ್ಲ ಕಣ್ರೀ."