ಕಂಡದ್ದು ಎಂತ, ಅದು ಮೊದಲು

ಪುತ್ತೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಡ್ರಾಯಿಂಗ್ ಮಾಸ್ಟ್ರು ಇದ್ದರು. ಹೊಸ ನಮೂನೆಯ ಚಿತ್ರಗಳ ಬಗ್ಗೆ ವಾರಪತ್ರಿಕೆಗೆ ಬರೆಯುತ್ತಿದ್ದರು. ಬರೆದದ್ದನ್ನು ಮೊದಲು ನಮ್ಮ ಜಗಲಿಯಲ್ಲಿ ಕೂತು ಓದುತ್ತಿದ್ದರು. ನಾನು ಕಲಿತದ್ದು ಮೂರನೇ ಕ್ಲಾಸು. ನಾನು ಆಕಳಿಸಿದರೆ ಆ ಸಾಲನ್ನು ಹೊಡೆದುಹಾಕಿ, ಕನ್ನಡಕವನ್ನು ಪಂಚೆಯ ತುದಿಯಲ್ಲಿ ಒರೆಸಿ, "ಕಂಡದ್ದು ಎಂತ, ಅದು ಮೊದಲು" ಎಂದು ತಮಗೇ ಹೇಳಿಕೊಳ್ಳುತ್ತಿದ್ದರು.

ಒಮ್ಮೆ ಶಾಲೆಯ ಹಾಲ್‌ನಲ್ಲಿ ಕಡಬದ ಕಡೆಯ ಒಬ್ಬ ಯುವಕನ ಚಿತ್ರಗಳನ್ನು ಇಟ್ಟಿದ್ದರು. ಒಂದರಲ್ಲಿ ಬರೀ ಕೆಂಪು ಕಲೆಗಳು.

"ಅಕ್ಕಾ, ನಿಮಗೆ ಕಂಡದ್ದು ಎಂತ?" ಎಂದು ಮಾಸ್ಟ್ರು ಕೇಳಿದರು.

"ಎಲೆಯಡಿಕೆ ಉಗುಳಿದ ಗೋಡೆ," ಎಂದೆ.

ಅವರು ಹಾಗೆಯೇ ಬರೆದರು. ಪತ್ರಿಕೆ ಬಂದ ದಿನ ಯುವಕ ಆ ಚಿತ್ರವನ್ನು ಇಳಿಸಿ, ಮಾಸ್ಟ್ರು ಕೂತಿದ್ದ ನಮ್ಮ ಜಗಲಿಗೆ ಹೊತ್ತುಕೊಂಡು ಬಂದ.

"ಊರಿಡೀ ನಗಾಡ್ತದೆ. ಇದನ್ನು ನಿಮ್ಮ ಬಚ್ಚಲೊಲೆಗೆ ಹಾಕಿ, ಮಾಸ್ಟ್ರೇ."

"ಹಾಕುವ. ನೀನು ಕಂಡದ್ದು ಎಂತ, ಅದು ಮೊದಲು ಹೇಳು ಮಾರಾಯ."

ಅವನು ಜಗಲಿಯಲ್ಲಿ ಕೂತ. "ನಮ್ಮ ಅಜ್ಜಿ ಮಲಗಿದಲ್ಲೇ ಗೋಡೆಗೆ ಉಗುಳುದು. ತೀರಿಕೊಂಡ ಮರುವಾರ ಅಪ್ಪ ಅದಕ್ಕೆ ಸುಣ್ಣ ಹೊಡೆಸಿದ್ರು."

ಮಾಸ್ಟ್ರು ಕನ್ನಡಕ ಒರೆಸಿದರು. "ನಾನು ನೋಡುವವರನ್ನು ಕೇಳಿದೆ, ನಿನ್ನನ್ನು ಕೇಳ್ಲಿಲ್ಲ," ಎಂದರು.

ಮುಂದಿನ ವಾರ ಪತ್ರಿಕೆಗೆ ಅಜ್ಜಿಯ ಬಗ್ಗೆ ಅವನು ಹೇಳಿದ ಆ ಎರಡೇ ಮಾತನ್ನು ಬರೆದರು, ಏನೂ ಸೇರಿಸಲಿಲ್ಲ. ಚಿತ್ರ ಶಾಲೆಯ ಹಾಲ್‌ಗೆ ಮರಳಿತು. ನಾನು ಮತ್ತೊಮ್ಮೆ ಹೋಗಿ ನೋಡಿದೆ. ಆಗಲೂ ನನಗೆ ಕಂಡದ್ದು ಉಗುಳೇ. ಆದರೆ ಯಾರ ಬಾಯಿಯದ್ದೆಂದು ಗೊತ್ತಿತ್ತು.