ಎರಡು ಕಲ್ಲು, ಎರಡು ಚೀಟಿ

ಬೆಟ್ಟದ ಮೇಲೆ ಕೋಟೆ ಕಟ್ಟಿಸಿದ ರಾಜನಿಗೆ ಮೆಟ್ಟಿಲೆಂದರೆ ಬಲು ಪ್ರೀತಿ ಇದ್ದಿರಬೇಕು. ಒಟ್ಟು ಮುನ್ನೂರ ಎಂಬತ್ತು. ಪಲ್ಲಕ್ಕಿಯಲ್ಲಿ ಕೂತು ಹೋಗುವವನಿಗೆ ಮೊಣಕಾಲಿನ ಸುದ್ದಿ ಹೇಗೆ ತಿಳಿಯಬೇಕು? ಆ ಮೆಟ್ಟಿಲುಗಳನ್ನು ಮೂವತ್ತೊಂದು ವರ್ಷ ದಿನಾ ಹತ್ತಿ ಇಳಿದವನು ಕೋಟೆಯೊಳಗಿನ ವಸ್ತುಸಂಗ್ರಹಾಲಯದ ಅಟೆಂಡರ್. ಬೆಳಗಿನಿಂದ ಸಂಜೆಯವರೆಗೆ ‘ಮುಟ್ಬೇಡಿ, ಮುಟ್ಬೇಡಿ’ ಎನ್ನುವುದೇ ಕೆಲಸವಾದ್ದರಿಂದ ಊರಿಗೆಲ್ಲ ಅವನು ಮುಟ್ಬೇಡಿ ಮಾವ.

ಮಾವನಿಗೆ ಒಂದೇ ಒಂದು ಹೆಮ್ಮೆಯಿತ್ತು. ಅವನ ಸೇವಾ ಪುಸ್ತಕದಲ್ಲಿ ಅವನ ವಿರುದ್ಧ ಒಂದು ಸಾಲೂ ಇರಲಿಲ್ಲ. ಪರವಾಗಿಯೂ ಇರಲಿಲ್ಲವೆನ್ನಿ, ಅದನ್ನು ಅವನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಮನೆಗೆ ಯಾರೇ ಬರಲಿ, ಕೂತ ಐದು ನಿಮಿಷಕ್ಕೆ ಆ ಪುಸ್ತಕದ ಮಾತು ಬಂದೇ ಬರುತ್ತಿತ್ತು. ಹೆಂಡತಿ ಅಷ್ಟು ಹೊತ್ತಿಗೆ ಎದ್ದು ಒಳಗೆ ಹೋಗಿರುತ್ತಿದ್ದಳು.

ಆ ಬಿಳಿ ಪುಸ್ತಕದ ಹಿಂದೆ ಒಂದು ಗಾಳಿಯ ಕಥೆಯಿದೆ. ಇಪ್ಪತ್ತೆರಡು ವರ್ಷದ ಹಿಂದೆ ದೊಡ್ಡ ಅಧಿಕಾರಿಗಳ ತಪಾಸಣೆ ಬಂತು. ಮಾವ ಗಾಜಿನ ಪೆಟ್ಟಿಗೆಗಳನ್ನು ಒರೆಸಲೆಂದು ವಿವರದ ಚೀಟಿಗಳನ್ನೆಲ್ಲ ಕಿತ್ತು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟ. ಬೆಟ್ಟದ ಗಾಳಿಗೆ ತಪಾಸಣೆಯ ಭಯವೇನು? ಒಂದೇ ಬೀಸಿಗೆ ಇತಿಹಾಸವೆಲ್ಲ ನೆಲದ ಮೇಲೆ ಚೆಲ್ಲಾಪಿಲ್ಲಿಯಾಯಿತು. ಮಾವ ಆರಿಸಿ ತಂದು ಅಂಟಿಸಿದ. ಕತ್ತಿ ಕತ್ತಿಯೆಂದು ಯಾರಿಗೂ ಗೊತ್ತಾಗುತ್ತದೆ. ಕೊನೆಗೆ ಎರಡು ದುಂಡನೆಯ ಕಲ್ಲು, ಎರಡು ಚೀಟಿ ಉಳಿದವು. ಒಂದರಲ್ಲಿ ‘ಕವಣೆ ಕಲ್ಲು, ಮುತ್ತಿಗೆಯಲ್ಲಿ ಶತ್ರುಗಳ ಮೇಲೆ ಎಸೆದದ್ದು’ ಎಂದಿತ್ತು. ಇನ್ನೊಂದರಲ್ಲಿ ‘ಅರೆಯುವ ಕಲ್ಲು, ಕೋಟೆಯ ಅಡುಗೆಮನೆಯದು’ ಎಂದಿತ್ತು. ಕಲ್ಲಿನ ಮೇಲೆ ಬರೆದಿದ್ದ ನಂಬರು ಎಂದೋ ಅಳಿಸಿತ್ತು. ಯಾರನ್ನಾದರೂ ಕೇಳಿದರೆ ಪುಸ್ತಕದಲ್ಲಿ ಒಂದು ಸಾಲು ಬೀಳುವುದು ಖಂಡಿತ. ಮಾವ ದೇವರ ಮೇಲೆ ಭಾರ ಹಾಕಿ ಅಂಟಿಸಿಬಿಟ್ಟ.

ದೊಡ್ಡ ಅಧಿಕಾರಿಗಳು ಬಂದರು, ಕೋಟೆಯ ಮೇಲಿನಿಂದ ಊರು ನೋಡಿದರು, ಚಹಾ ಕುಡಿದರು, ‘ತೃಪ್ತಿಕರ’ ಎಂದು ಬರೆದು ಇಳಿದರು. ಮರುವರ್ಷ ಕೈಪಿಡಿ ಅಚ್ಚಾಯಿತು. ಕವಣೆ ಕಲ್ಲಿನ ಫೋಟೊ ಹಾಕಿ, ಅದರಿಂದ ಎಷ್ಟು ತಲೆ ಒಡೆದಿರಬಹುದೆಂದು ಒಬ್ಬ ವಿದ್ವಾಂಸರು ಒಂದು ಪುಟ ಬರೆದರು. ಪ್ರವಾಸಿಗರು ಅದರ ಮುಂದೆ ನಿಂತು ಮೈ ಜುಮ್ಮೆನಿಸಿಕೊಂಡರು. ಪಕ್ಕದ ಕಲ್ಲನ್ನು ಕೇಳುವವರೇ ಇರಲಿಲ್ಲ.

ನಿವೃತ್ತಿಗೆ ನಾಲ್ಕು ದಿನವಿದ್ದಾಗ ಹೆಂಡತಿ ಮೊದಲ ಸಲ ಬೆಟ್ಟ ಹತ್ತಿದಳು. ಐವತ್ತು ಮೆಟ್ಟಿಲಿಗೊಮ್ಮೆ ಕೂತು, ರಾಜನಿಗೆ ಒಂದಿಷ್ಟು ಬೈದು, ಮತ್ತೆ ಹತ್ತಿದಳು. ಕತ್ತಿ, ಗುರಾಣಿ, ನಾಣ್ಯ ಯಾವುದರ ಮುಂದೆಯೂ ನಿಲ್ಲದವಳು ಆ ಕವಣೆ ಕಲ್ಲಿನ ಮುಂದೆ ನಿಂತಳು.

“ಏನ್ರೀ, ಇದು ಅರೆಯೋ ಕಲ್ಲಲ್ವಾ?”

“ಓದೋಕೆ ಬರುತ್ತಲ್ಲ, ಚೀಟಿ ಓದು.”

“ಚೀಟಿ ಏನಾದ್ರೂ ಹೇಳ್ಕೊಳ್ಳಲಿ. ಒಂದು ಮಗ್ಗುಲು ಹೇಗೆ ಸವೆದಿದೆ ನೋಡಿ. ಎಸೆದ ಕಲ್ಲು ಹೀಗೆ ಸವೆಯುತ್ತಾ? ಯಾವಳೋ ಪಾಪ, ಆಯುಸ್ಸೆಲ್ಲ ಇದರಲ್ಲೇ ತೇದಿದ್ದಾಳೆ.”

ಮಾವ ಅತ್ತಿತ್ತ ನೋಡಿ, ಗಾಳಿಯ ಕಥೆಯನ್ನು ಪಿಸುಮಾತಿನಲ್ಲಿ ಹೇಳಿದ. ಅವಳು ನಗಲಿಲ್ಲ.

“ಹಾಗಾದ್ರೆ ಅವಳು ಪಟ್ಟ ಪಾಡಿಗೆ ಇಪ್ಪತ್ತೆರಡು ವರ್ಷ ಯಾವನೋ ಸಿಪಾಯಿ ಹೆಸರು ಹಾಕಿದ್ರಿ. ನಿಮ್ಮ ಪುಸ್ತಕ ಚೆನ್ನಾಗಿರಲಿ ಅಂತ.”

ಅವನಿಗೆ ನಾಚಿಕೆಯಾಯಿತು. ಮರುದಿನ ಬೆಳಿಗ್ಗೆಯೇ ಕ್ಯುರೇಟರ್ ಸಾಹೇಬರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡ. ಸಾಹೇಬರು ಕೈಪಿಡಿಯನ್ನು ತೆಗೆದು ಆ ಪುಟವನ್ನು ತೋರಿಸಿದರು.

“ನೋಡಪ್ಪಾ, ಇಲ್ಲಿ ಅಚ್ಚಾಗಿದೆ. ಈಗ ಬದಲಾಯಿಸಬೇಕು ಅಂದ್ರೆ ಸಮಿತಿ ಕೂರಬೇಕು, ಸಮಿತಿ ಕೂರೋಕೆ ಮೇಲಿಂದ ಆದೇಶ ಬರಬೇಕು. ಮೂರು ದಿನ ಇದೆ ನಿನಗೆ. ಸುಮ್ನೆ ಮನೆಗೆ ಹೋಗು.”

“ಕಲ್ಲು ಸವೆದಿದೆ ಸಾರ್. ಬಂದು ನೋಡಿದ್ರೆ ಗೊತ್ತಾಗುತ್ತೆ.”

“ನೋಡೋದು ಸಮಿತಿ ಕೆಲಸ,” ಎಂದರು ಸಾಹೇಬರು. ಅವರ ಕುರ್ಚಿಯಿಂದ ಆ ಪೆಟ್ಟಿಗೆಗೆ ಹದಿನೈದು ಹೆಜ್ಜೆ.

ಕೊನೆಯ ದಿನ ಮೂರು ಗಂಟೆಗೆ ಬೀಳ್ಕೊಡುಗೆ. ಸಾಹೇಬರು ಒಂದು ಗೋಡೆ ಗಡಿಯಾರ ಕೊಟ್ಟರು. ಇನ್ನು ಹೊತ್ತಿಗೆ ಸರಿಯಾಗಿ ಎಲ್ಲಿಗೂ ಹೋಗಬೇಕಿಲ್ಲದವನಿಗೆ ತಕ್ಕ ಉಡುಗೊರೆ. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಕಪ್ಪುಚುಕ್ಕೆಯಿಲ್ಲದ ಸೇವೆಯೆಂದು ಹೊಗಳಿದರು. ಐದು ಗಂಟೆಗೆ ಬಾಗಿಲು ಹಾಕುವ ಮುನ್ನ ಮಾವ ಪೆಟ್ಟಿಗೆಯ ಬೀಗ ತೆಗೆದು, ಎರಡು ಚೀಟಿಗಳನ್ನು ಅದಲು ಬದಲು ಮಾಡಿ, ಬೀಗ ಹಾಕಿ, ಕೀಲಿಕೈ ಒಪ್ಪಿಸಿದ. ಎರಡು ನಿಮಿಷದ ಕೆಲಸ. ಇಳಿಯುವಾಗ ಮೊಣಕಾಲು ಅಷ್ಟೊಂದು ನೋಯಲಿಲ್ಲ.

ಮರುದಿನ ಸಾಹೇಬರು ಶಾಲೆಯ ಮಕ್ಕಳಿಗೆ ಕೈಪಿಡಿ ಓದುತ್ತಾ ಕಲ್ಲು ತೋರಿಸಿದಾಗ ಒಬ್ಬ ಹುಡುಗಿ, “ಸಾರ್, ಇಲ್ಲಿ ಅರೆಯೋ ಕಲ್ಲು ಅಂತಿದೆ,” ಎಂದಳಂತೆ. ಸಂಜೆಯೊಳಗೆ ಹೊಸ ಅಟೆಂಡರ್ ಏದುಸಿರು ಬಿಡುತ್ತಾ ಮಾವನ ಮನೆ ಬಾಗಿಲಿಗೆ ಬಂದ. ಕೈಯಲ್ಲಿ ಮೆಮೊ ಇತ್ತು. ಅನುಮತಿಯಿಲ್ಲದೆ ಚೀಟಿ ಬದಲಾಯಿಸಿ ಇತಿಹಾಸಕ್ಕೆ ಅಪಚಾರ ಎಸಗಿದ್ದೀರಿ. ಚೀಟಿಗಳನ್ನು ಮೊದಲಿನಂತೆ ಹಾಕಲಾಗಿದೆ. ಏಳು ದಿನದೊಳಗೆ ಸಮಜಾಯಿಷಿ ಕೊಡತಕ್ಕದ್ದು.

“ಮಾವ, ಒಂದು ದಾರಿ ಇದೆಯಂತೆ,” ಎಂದ ಅವನು. “ಕಣ್ಣು ಮಂಜಾಗಿತ್ತು, ತಪ್ಪಾಯ್ತು ಅಂತ ಒಂದು ಸಾಲು ಬರ್ಕೊಟ್ರೆ ಪುಸ್ತಕದಲ್ಲಿ ಏನೂ ಹಾಕಲ್ವಂತೆ.”

ಮಾವ ಹೆಂಡತಿಯ ಮುಖ ನೋಡಿದ. ಅವಳು ಪೆನ್ನು ತಂದುಕೊಟ್ಟಳು. ಏಳು ದಿನ ಯಾಕೆ ಬೇಕು? ಹೊಸಬನನ್ನು ಕೂರಿಸಿ, ನೀರು ಕೊಟ್ಟು, ಅಲ್ಲೇ ಬರೆದ:

‘ಮಾನ್ಯರೇ, ಚೀಟಿ ಇಪ್ಪತ್ತೆರಡು ವರ್ಷ ತಪ್ಪಾಗಿತ್ತು, ಯಾರೂ ಕೇಳಲಿಲ್ಲ. ಒಂದೇ ದಿನ ಸರಿಯಾಗಿತ್ತು, ಮಧ್ಯಾಹ್ನದೊಳಗೆ ಪತ್ತೆ ಹಚ್ಚಿದಿರಿ. ನನ್ನ ಕಣ್ಣು ಚೆನ್ನಾಗಿದೆ. ದಯವಿಟ್ಟು ಇದನ್ನು ನನ್ನ ಪುಸ್ತಕದಲ್ಲಿ ಬರೆಯತಕ್ಕದ್ದು.’